ರೋಗಿಗಳ ಮನೆಯವರಾದ ಸಂತ ದಮಿಯಾನ್



ಹವಾಯಿ ದ್ವೀಪಗಳ ಜನ ಕುಷ್ಠರೋಗವನ್ನು ತಮ್ಮ ಭಾಷೆಯಲ್ಲಿ ಬೇರ್ಪಡಿಸುವ ಕಾಯಿಲೆ ಎಂದು ಕರೆಯುತ್ತಿದ್ದರು. ಗಂಡನಿಂದ ಹೆಂಡತಿಯನ್ನು, ತಾಯಿಯ ಮಡಿಲಿಂದ ಮಗುವನ್ನು ಅಗಲಿಸುತ್ತಿದ್ದುದರಿಂದಲೇ ಅದಕ್ಕೆ ಆ ಹೆಸರು ಬಂದಿತ್ತು. ಹಾಗೆ ಅಗಲಿದವರ ನಡುವೆ ಹೋಗಿ ಹದಿನಾರು ವರ್ಷ ಬಾಳಿ, ಅವರ ಕಾಯಿಲೆಯನ್ನೇ ಹೊತ್ತು ಪ್ರಾಣಬಿಟ್ಟ ಗುರುಗಳೇ ಸಂತ ದಮಿಯಾನ್. ಮೇ 10ರಂದು ಧರ್ಮಸಭೆ ಅವರ ಹಬ್ಬವನ್ನು ಆಚರಿಸುತ್ತದೆ. ಬಹುದಿನದ ಕಾಯಿಲೆಯವರು ಇರುವ ಪ್ರತಿಯೊಂದು ಮನೆಯೂ ಅವರ ಜೀವನವನ್ನು ತಿಳಿದಿರಬೇಕು.

ಅವರು ಹುಟ್ಟಿದ್ದು 1840ರ ಜನವರಿ 3ರಂದು, ಬೆಲ್ಜಿಯಂ ದೇಶದ ತ್ರೆಮೆಲೊ ಎಂಬ ಹಳ್ಳಿಯಲ್ಲಿ. ಮನೆಯಲ್ಲಿಟ್ಟ ಹೆಸರು ಜೋಸೆಫ್ ದ ವ್ಯೂಸ್ಟರ್. ತಂದೆ ಬೇಸಾಯಗಾರರು, ಧಾನ್ಯದ ವ್ಯಾಪಾರವೂ ಇತ್ತು. ಗಟ್ಟಿಮುಟ್ಟಾದ ಈ ಮಗ ವ್ಯಾಪಾರವನ್ನು ನೋಡಿಕೊಳ್ಳಲಿ ಎಂಬುದು ತಂದೆಯ ಆಸೆ. ಆದರೆ ಮಗ ಅಣ್ಣನ ಹಾದಿ ಹಿಡಿದು, 1859ರಲ್ಲಿ ಯೇಸು ಮತ್ತು ಮರಿಯಮ್ಮನವರ ಪವಿತ್ರ ಹೃದಯಗಳ ಸಭೆಯನ್ನು ಸೇರಿದರು. ಅಲ್ಲಿ ದಮಿಯಾನ್ ಎಂಬ ಹೆಸರು ಪಡೆದರು. ಪೂರ್ವಕಾಲದ ಸಂತ ದಮಿಯಾನ್ ವೈದ್ಯರಾಗಿದ್ದವರು. ಆ ಹೆಸರು ಎಷ್ಟು ಸಾರ್ಥಕವಾಗಲಿದೆ ಎಂದು ಆಗ ಯಾರೂ ಎಣಿಸಿರಲಿಲ್ಲ.

ಹವಾಯಿಗೆ ಹೊರಡಬೇಕಾಗಿದ್ದವರು ವಾಸ್ತವವಾಗಿ ಅವರ ಅಣ್ಣ ಪಾಂಫಿಲ್. ಹೊರಡುವ ಹೊತ್ತಿಗೆ ಅಣ್ಣ ವಿಷಮಜ್ವರದಿಂದ ಹಾಸಿಗೆ ಹಿಡಿದರು. ಆ ಸ್ಥಾನದಲ್ಲಿ ತಮ್ಮನ್ನು ಕಳುಹಿಸಬೇಕೆಂದು ದಮಿಯಾನ್ ನೇರವಾಗಿ ಸಭೆಯ ಮಹಾಶ್ರೇಷ್ಠರಿಗೇ ಪತ್ರ ಬರೆದು ಒಪ್ಪಿಗೆ ಪಡೆದರು. 1863ರಲ್ಲಿ ಊರು ಬಿಟ್ಟವರು ಮತ್ತೆ ಹೆತ್ತ ತಾಯಿಯ ಮುಖ ಕಾಣಲಿಲ್ಲ. 1864ರ ಮಾರ್ಚ್ 19ರಂದು, ಸಂತ ಜೋಸೆಫರ ಹಬ್ಬದ ದಿನ, ಹೊನೊಲುಲು ಬಂದರಿನಲ್ಲಿ ಇಳಿದರು. ಅದೇ ಮೇ ತಿಂಗಳಲ್ಲಿ ಗುರುದೀಕ್ಷೆಯಾಯಿತು. ಮುಂದಿನ ಒಂಬತ್ತು ವರ್ಷ ಹವಾಯಿಯ ದೊಡ್ಡ ದ್ವೀಪದಲ್ಲಿ ಹಳ್ಳಿಯಿಂದ ಹಳ್ಳಿಗೆ ನಡೆದು ಸೇವೆ ಮಾಡಿದರು. ಅಲ್ಲಿನ ಭಾಷೆ ಕಲಿತರು, ತಮ್ಮ ಕೈಯಿಂದಲೇ ಗುಡಿಗಳನ್ನು ಕಟ್ಟಿದರು.

ಈ ನಡುವೆ ದ್ವೀಪಗಳಲ್ಲಿ ಕುಷ್ಠರೋಗ ಹಬ್ಬುತ್ತಿತ್ತು. ಹೊರನಾಡಿನ ಹಡಗುಗಳೊಂದಿಗೆ ಬಂದ ಹೊಸ ರೋಗಗಳನ್ನು ತಡೆಯುವ ಶಕ್ತಿ ಆ ಜನರ ದೇಹಕ್ಕಿರಲಿಲ್ಲ. 1865ರಲ್ಲಿ ಐದನೇ ಕಾಮೆಹಮೆಹಾ ಅರಸರ ಕಾಲದಲ್ಲಿ ಒಂದು ಕಾನೂನು ಬಂತು. ರೋಗ ತಗುಲಿದವರನ್ನು ಹಿಡಿದು ಮೊಲೊಕಾಯಿ ದ್ವೀಪದ ಒಂದು ಮೂಲೆಗೆ ಸಾಗಿಸಬೇಕು ಎಂಬುದು ಅದರ ಕಟ್ಟಳೆ. ಆ ಸ್ಥಳಕ್ಕೆ ಮೂರು ಕಡೆ ಕಡಲು, ಇನ್ನೊಂದು ಕಡೆ ಸುಮಾರು 2,000 ಅಡಿ ಎತ್ತರದ ಕಡಿದಾದ ಬೆಟ್ಟ. 1866ರ ಜನವರಿಯಲ್ಲಿ ಮೊದಲ ರೋಗಿಗಳನ್ನು ಅಲ್ಲಿ ಇಳಿಸಲಾಯಿತು. ಅವರು ಗೆಯ್ದು ಉಣ್ಣುತ್ತಾರೆಂದು ಸರ್ಕಾರ ಭಾವಿಸಿತ್ತು. ಆದರೆ ಬೆರಳುಗಳೇ ಸವೆದವರು ಗುದ್ದಲಿ ಹಿಡಿಯುವುದು ಹೇಗೆ? ಆಹಾರ ಸಾಲದು, ನೀರು ದೂರ, ನೆಲೆಸಿರುವ ವೈದ್ಯರಿಲ್ಲ. ಹುಲ್ಲಿನ ಗುಡಿಸಲುಗಳಲ್ಲಿ ಜನ ಒಬ್ಬೊಬ್ಬರಾಗಿ ಸಾಯುತ್ತಿದ್ದರು. ಕೆಲವು ಗಂಡಂದಿರೂ ಹೆಂಡತಿಯರೂ ಮಾತ್ರ, ತಮಗೆ ರೋಗವಿಲ್ಲದಿದ್ದರೂ, ತಮ್ಮವರನ್ನು ಬಿಟ್ಟಿರಲಾರದೆ ಜೊತೆಯಲ್ಲೇ ಹೋದರು. ವಿವಾಹ ಸಂಸ್ಕಾರದ ಅರ್ಥವನ್ನು ಇದಕ್ಕಿಂತ ಚೆನ್ನಾಗಿ ಯಾರು ತಿಳಿಸಿಯಾರು?

1873ರಲ್ಲಿ ಧರ್ಮಾಧ್ಯಕ್ಷ ಮೇಗ್ರೆಯವರು ತಮ್ಮ ಗುರುಗಳ ಮುಂದೆ ಈ ವಿಷಯವಿಟ್ಟರು. ನಾಲ್ವರು ಮುಂದೆ ಬಂದರು. ಸರದಿಯಂತೆ ಒಬ್ಬೊಬ್ಬರು ಕೆಲವು ವಾರ ಅಲ್ಲಿರುವುದೆಂದು ತೀರ್ಮಾನವಾಯಿತು. ಮೊದಲ ಸರದಿ ದಮಿಯಾನರದು. ಮೇ 10ರಂದು ಅವರು ಅಲ್ಲಿ ಇಳಿದಾಗ ವಯಸ್ಸು 33. ಇರಲು ಮನೆಯಿರಲಿಲ್ಲ. ನಮ್ಮ ಕೇದಗೆಯ ಜಾತಿಗೆ ಸೇರಿದ ಒಂದು ಮರದಡಿ ಮಲಗಿದರು. ಸರದಿ ಮುಗಿಯುವ ಮುನ್ನವೇ ಅಲ್ಲೇ ಉಳಿಯಲು ಅನುಮತಿ ಕೇಳಿದರು.

ಅಲ್ಲಿ ಅವರು ಮಾಡಿದ್ದೇನು? ಒಬ್ಬರನ್ನೂ ಗುಣಪಡಿಸಲು ಅವರಿಂದಾಗಲಿಲ್ಲ, ಏಕೆಂದರೆ ಆ ರೋಗಕ್ಕೆ ಆಗ ಮದ್ದೇ ಇರಲಿಲ್ಲ. ಆದರೂ ಅವರು ಗುಡಿಸಲುಗಳ ಒಳಗೆ ಹೋದರು. ಮೊದಮೊದಲು ದುರ್ವಾಸನೆ ತಡೆಯಲಾಗದೆ ಹೊರಗೋಡಿ ಬಂದದ್ದೂ ಉಂಟು. ಆ ವಾಸನೆಯನ್ನು ಮರೆಸಲೆಂದೇ ಚಿಲುಮೆ ಸೇದುವುದನ್ನು ಕಲಿತರು. ಹುಣ್ಣು ತೊಳೆದು ಬಟ್ಟೆ ಕಟ್ಟಿದರು. ದೂರದ ತೊರೆಯಿಂದ ಕೊಳವೆ ಹಾಕಿಸಿ ನೀರು ತರಿಸಿದರು. ಸರ್ಕಾರವನ್ನು ಕಾಡಿ ಬೇಡಿ ಮರದ ಹಲಗೆ ತರಿಸಿ ಮನೆ ಕಟ್ಟಿದರು. ಸಂತ ಫಿಲೋಮಿನಾ ದೇವಾಲಯವನ್ನು ದೊಡ್ಡದು ಮಾಡಿದರು. ಅನಾಥ ಮಕ್ಕಳಿಗೆ ಆಶ್ರಯ ಒದಗಿಸಿದರು. ಸತ್ತವರಿಗೆ ತಾವೇ ಪೆಟ್ಟಿಗೆ ಮಾಡಿ, ಗುಂಡಿ ತೋಡಿ, ಮರ್ಯಾದೆಯಿಂದ ಮಣ್ಣು ಮಾಡಿದರು. ಹಾಡುವ ತಂಡ, ವಾದ್ಯದ ತಂಡ ಕಟ್ಟಿದರು. ಕೆಸುವಿನ ಗೆಡ್ಡೆಯನ್ನು ಬೇಯಿಸಿ ಅರೆದು ಮಾಡುವ ಅಲ್ಲಿಯ ಊಟವನ್ನು ರೋಗಿಗಳೊಡನೆ ಒಂದೇ ಪಾತ್ರೆಯಲ್ಲಿ ಕೈಯಿಟ್ಟು ಉಂಡರು. ಬೋಧಿಸುವಾಗಲೂ ರೋಗಿಗಳ ಸಾಲಿನಲ್ಲಿ ತಮ್ಮನ್ನು ಸೇರಿಸಿಕೊಂಡೇ ಮಾತನಾಡುತ್ತಿದ್ದರು. ಮನೆಯವರನ್ನು ಕಳೆದುಕೊಂಡಿದ್ದವರಿಗೆ ಅವರೇ ಮನೆಯವರಾದರು.

ಅವರು ಸುಲಭದ ಮನುಷ್ಯರಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ಬೇಗ ಸಿಟ್ಟು ಬರುತ್ತಿತ್ತು. ಆರೋಗ್ಯ ಇಲಾಖೆಯ ಅಧಿಕಾರಿಗಳೊಂದಿಗೆ, ಕೆಲವೊಮ್ಮೆ ತಮ್ಮ ಶ್ರೇಷ್ಠರೊಂದಿಗೂ ಜಗಳವಾಡಿದರು. ಒಂಟಿತನ ಅವರನ್ನು ಬಹಳ ಕಾಡಿತು. ಒಮ್ಮೆ ಅವರನ್ನು ಕಾಣಲು ಬಂದ ಶ್ರೇಷ್ಠರಿಗೆ ದಡಕ್ಕೆ ಇಳಿಯಲು ಅಪ್ಪಣೆ ಸಿಗಲಿಲ್ಲ. ದಮಿಯಾನ್ ದೋಣಿಯಲ್ಲಿ ಹಡಗಿನ ಬಳಿಗೆ ಹೋಗಿ, ಕೆಳಗಿನಿಂದಲೇ ಎಲ್ಲರಿಗೂ ಕೇಳುವಂತೆ ಕೂಗಿ ಪಾಪನಿವೇದನೆ ಮಾಡಿದರು. ನಮಗೆ ಪ್ರತಿ ಶನಿವಾರ ಗುರುಗಳು ಕಾದು ಕುಳಿತಿರುವಾಗಲೂ ಹೋಗಲು ಸಂಕೋಚ, ಅಲ್ಲವೇ?

1884ರ ಡಿಸೆಂಬರಿನಲ್ಲಿ ಒಂದು ದಿನ ಅವರು ದಣಿದ ಕಾಲುಗಳನ್ನು ಬಿಸಿನೀರಿನಲ್ಲಿ ಇಟ್ಟರು. ನೀರು ಕುದಿಯುವಷ್ಟು ಬಿಸಿಯಿತ್ತು, ಚರ್ಮ ಬೊಬ್ಬೆ ಎದ್ದಿತು, ಆದರೆ ನೋವೇ ಆಗಲಿಲ್ಲ. ಅಷ್ಟರಿಂದಲೇ ವಿಷಯ ತಿಳಿದುಹೋಯಿತು. ಈ ರೋಗ ನರಗಳನ್ನು ಹಿಡಿದು ಸ್ಪರ್ಶಜ್ಞಾನವನ್ನು ಕಸಿಯುತ್ತದೆ. ನೋವು ತಿಳಿಯದೆ ಆಗುವ ಗಾಯಗಳೇ ಮುಂದೆ ಬೆರಳು, ಪಾದಗಳನ್ನು ಕೆಡಿಸುತ್ತವೆ. ವೈದ್ಯರು ರೋಗವನ್ನು ಖಚಿತಪಡಿಸಿದ ಮೇಲೂ ದಮಿಯಾನ್ ಕೆಲಸ ನಿಲ್ಲಿಸಲಿಲ್ಲ, ಇನ್ನಷ್ಟು ಅವಸರದಿಂದ ದುಡಿದರು.

ಇಷ್ಟು ಹೊತ್ತಿಗೆ ಅವರ ಪತ್ರಗಳು ಯೂರೋಪಿನ ಮತ್ತು ಅಮೆರಿಕದ ಪತ್ರಿಕೆಗಳಲ್ಲಿ ಅಚ್ಚಾಗಿ, ಕಣ್ಣಿಗೆ ಕಾಣದ ಆ ದ್ವೀಪವನ್ನು ಲೋಕಕ್ಕೆಲ್ಲ ತೋರಿಸಿದ್ದವು. ಇಂತಹ ಪ್ರಚಾರ ಶ್ರೇಷ್ಠರಿಗೆ ಹಿಡಿಸಲಿಲ್ಲ, ಆದರೆ ನೆರವು ಬರತೊಡಗಿತು. ಲಂಡನ್ನಿನ ಆಂಗ್ಲಿಕನ್ ಪಾದ್ರಿ ಹ್ಯೂ ಚಾಪ್ಮನ್ ಚಂದಾ ಕೂಡಿಸಿ ಕಳುಹಿಸಿದರು. 1886ರಲ್ಲಿ ಅಮೆರಿಕದ ಮಾಜಿ ಸೈನಿಕ ಜೋಸೆಫ್ ಡಟ್ಟನ್ ಸಹಾಯಕ್ಕೆ ಬಂದರು. 1888ರ ನವೆಂಬರಿನಲ್ಲಿ ಫ್ರಾನ್ಸಿಸ್ಕನ್ ಸಭೆಯ ಮದರ್ ಮರಿಯಾನ್ ಕೋಪ್ ತಮ್ಮ ಭಗಿನಿಯರೊಡನೆ ಬಂದರು. ಮಕ್ಕಳನ್ನು ನೋಡಿಕೊಳ್ಳುವವರು ಬಂದರೆಂಬ ನೆಮ್ಮದಿಯಲ್ಲಿ ದಮಿಯಾನ್ 1889ರ ಏಪ್ರಿಲ್ 15ರಂದು, ಪವಿತ್ರ ವಾರದ ಸೋಮವಾರ, ಕಣ್ಣು ಮುಚ್ಚಿದರು. ವಯಸ್ಸು 49. ಮೊದಲು ತಾವು ಮಲಗಿದ ಆ ಮರದಡಿಯಲ್ಲೇ ಅವರನ್ನು ಮಣ್ಣು ಮಾಡಿದರು.

1936ರಲ್ಲಿ ಅವರ ಪಾರ್ಥಿವ ಶರೀರವನ್ನು ಬೆಲ್ಜಿಯಂಗೆ ಒಯ್ಯಲಾಯಿತು. 1995ರಲ್ಲಿ ಪೋಪ್ ಎರಡನೇ ಜಾನ್ ಪೌಲರು ಅವರನ್ನು ಪುನೀತರೆಂದು ಸಾರಿದರು. ಅದೇ ವರ್ಷ ಅವರ ಬಲಗೈಯ ಅವಶೇಷ ಮೊಲೊಕಾಯಿಯ ಹಳೆಯ ಸಮಾಧಿಗೆ ಮರಳಿತು. ಹುಣ್ಣು ತೊಳೆದ ಕೈ ಅದು! 2009ರ ಅಕ್ಟೋಬರ್ 11ರಂದು ಪೋಪ್ ಹದಿನಾರನೇ ಬೆನೆಡಿಕ್ಟರು ದಮಿಯಾನರಿಗೆ ಸಂತ ಪದವಿ ನೀಡಿದರು. 2012ರಲ್ಲಿ ಮದರ್ ಮರಿಯಾನ್ ಅವರೂ ಸಂತರಾದರು.

ದಮಿಯಾನರು ಹಚ್ಚಿದ ದೀಪ ಬೇರೆ ಬೇರೆ ಕಡೆ ಬೆಳಗುತ್ತಿದೆ. ಅವರ ಹೆಸರಿನಲ್ಲಿ ಬೆಲ್ಜಿಯಂನಲ್ಲಿ ಹುಟ್ಟಿದ ದಮಿಯಾನ್ ಸಂಸ್ಥೆ ಭಾರತದಲ್ಲೂ ಕುಷ್ಠರೋಗ ಮತ್ತು ಕ್ಷಯರೋಗದ ಕೆಲಸ ಮಾಡಿದೆ. ಬೆಲ್ಜಿಯಂನವರೇ ಆದ ಡಾಕ್ಟರ್ ಹೆಮೆರಿಕ್ಸ್ 1955ರಲ್ಲಿ ತಮಿಳುನಾಡಿನ ಪೊಲಂಬಾಕ್ಕಂನಲ್ಲಿ ಕೇಂದ್ರ ತೆರೆದು, ಹಳ್ಳಿಹಳ್ಳಿಯ ಮರದ ನೆರಳಿನಲ್ಲೇ ರೋಗಿಗಳನ್ನು ನೋಡುವ ಪದ್ಧತಿ ತಂದರು. ರೋಗಿ ಊರು ಬಿಡಬೇಕಾಗಿಲ್ಲ, ಮದ್ದೇ ಊರಿಗೆ ಬರಲಿ ಎಂಬುದು ಅವರ ನಿಲುವು. ನಮ್ಮ ಮಂಗಳೂರಿನ ಕಂಕನಾಡಿಯಲ್ಲಿ ಯೇಸುಸಭೆಯ ಫಾದರ್ ಮುಲ್ಲರ್ 1880ರಲ್ಲಿ ಬಡವರಿಗಾಗಿ ಔಷಧಾಲಯ ತೆರೆದು, ದಮಿಯಾನರು ತೀರಿಕೊಂಡ ಮರುವರ್ಷವೇ ಕುಷ್ಠರೋಗಿಗಳಿಗೆ ಆಶ್ರಯ ಕಟ್ಟಿದರು.

ಈಗ ಈ ರೋಗ ಪೂರ್ತಿ ಗುಣವಾಗುತ್ತದೆ. ಆರು ತಿಂಗಳು, ಹೆಚ್ಚೆಂದರೆ ಹನ್ನೆರಡು ತಿಂಗಳು ಮಾತ್ರೆ ನುಂಗಿದರೆ ಸಾಕು. ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಅದು ಉಚಿತ. ಕೈಕುಲುಕಿದರೆ, ಪಕ್ಕದಲ್ಲಿ ಕುಳಿತರೆ ಅಂಟುವುದಿಲ್ಲ. ಹೆಚ್ಚಿನವರ ದೇಹ ಇದನ್ನು ತಾನಾಗಿಯೇ ತಡೆಯುತ್ತದೆ. ಹವಾಯಿಯಲ್ಲಿ ಪ್ರತ್ಯೇಕವಿಡುವ ಕಾನೂನು 1969ರಲ್ಲೇ ಕೊನೆಗೊಂಡಿತು. ಅಷ್ಟರೊಳಗೆ ಸುಮಾರು 8,000 ಮಂದಿ ಆ ಮೂಲೆಗೆ ಹೋಗಿದ್ದರು. ಆದರೂ 2023ರಲ್ಲಿ ಜಗತ್ತಿನಲ್ಲಿ ಪತ್ತೆಯಾದ ಹೊಸ ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ನಮ್ಮ ದೇಶದವರು. ಮದ್ದಿದ್ದರೂ ತಡವಾಗುವುದು ಬಹುಮಟ್ಟಿಗೆ ನಾಚಿಕೆಯಿಂದ. ಜನ ಏನೆಂದಾರು, ಮಗಳ ಮದುವೆಗೆ ಅಡ್ಡಿಯಾದೀತು ಎಂದು ಮಚ್ಚೆಯನ್ನು ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಾರೆ.

ಆದ್ದರಿಂದ ಓದುಗರೇ, ನಿಮ್ಮ ಮನೆಯವರ ಮೈಮೇಲೆ ಬಣ್ಣಗೆಟ್ಟ, ಮುಟ್ಟಿದರೆ ತಿಳಿಯದ ಮಚ್ಚೆ ಕಂಡರೆ ಬಚ್ಚಿಡಬೇಡಿ. ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ. ನಿಮ್ಮ ಧರ್ಮಕೇಂದ್ರದಲ್ಲಿ ಇಂತಹ ರೋಗದಿಂದ ಗುಣವಾಗಿಯೂ ಕೈಕಾಲು ಸೊಟ್ಟಗಾದವರು ಇರಬಹುದು. ಬಲಿಪೂಜೆಯಲ್ಲಿ ಅವರು ಹಿಂದಿನ ಬೆಂಚಿನ ತುದಿಯಲ್ಲಿ ಒಬ್ಬರೇ ಕುಳಿತಿದ್ದರೆ, ಈ ಭಾನುವಾರ ಅವರ ಪಕ್ಕದಲ್ಲಿ ನೀವು ಕುಳಿತುಕೊಳ್ಳಿ. ಶಾಂತಿ ಹಂಚಿಕೊಳ್ಳುವಾಗ ಆ ಕೈಯನ್ನು ಹಿಡಿಯಿರಿ. ಸಂತ ದಮಿಯಾನರ ಪ್ರಾರ್ಥನೆ ನಿಮಗೆ ಅದಕ್ಕೆ ಬೇಕಾದ ಧೈರ್ಯ ಕೊಡಲಿ.