ಪದಗಳಿಗೆ ಮನೆ ಕಟ್ಟಿದ ಡಾಕ್ಟರು

ಮೊದಲ ಸೆಮಿಸ್ಟರಿನಲ್ಲಿ ನಮ್ಮಲ್ಲೊಬ್ಬ ಲ್ಯಾಬ್ ರೆಕಾರ್ಡಿನಲ್ಲಿ 'ಸ್ಟ್ರಾಂಗ್‌ನೆಸ್ ಆಫ್ ಸ್ಟೀಲ್' ಅಂತ ಬರೆದಿದ್ದ. ಕೆಂಪು ಗೆರೆ ಬಿತ್ತು, ಕ್ಲಾಸೆಲ್ಲ ನಕ್ಕಿತು. ಕನ್ನಡ ಮೀಡಿಯಂನಿಂದ ಬಂದ ನಾವು ಕೆಲವರು ಮಾತ್ರ ನಗಲಿಲ್ಲ, ಯಾಕಂದ್ರೆ ನಮ್ಮ ರೆಕಾರ್ಡಿನಲ್ಲೂ ಹಾಗೇ ಇತ್ತು. ಹಾರ್ಡ್ ಹೋಗಿ ಹಾರ್ಡ್‌ನೆಸ್ ಆಗೋದಾದ್ರೆ ಸ್ಟ್ರಾಂಗ್ ಮಾಡಿದ ಪಾಪ ಏನು? ಲಾಂಗ್ ಲೆಂತ್ ಆದ ಹಾಗೆ, ಬ್ರಾಡ್ ಬ್ರೆಡ್ತ್ ಆದ ಹಾಗೆ ಇದೂ ಒಳಗಿನ ಸ್ವರವನ್ನೇ ಬದಲಾಯಿಸಿಕೊಂಡು ಸ್ಟ್ರೆಂತ್ ಆಗುತ್ತೆ ಅನ್ನೋದು ಆಮೇಲೆ ತಿಳೀತು. ಹೀಗೆ ಹುಡುಕುವಾಗ ಸಿಕ್ಕವರೇ ಪೀಟರ್ ಮಾರ್ಕ್ ರೋಜೆ, ಥೆಸಾರಸ್ ಮಾಡಿದವರು.

ರೋಜೆ ಹುಟ್ಟಿದ್ದು 1779ರಲ್ಲಿ, ಲಂಡನ್ನಿನಲ್ಲಿ. ಜಿನೀವಾದಿಂದ ಬಂದಿದ್ದ ಪಾದ್ರಿ ತಂದೆ 1783ರಲ್ಲೇ ತೀರಿಕೊಂಡರು. ಹುಡುಗನಿಗೆ ಚಿಕ್ಕಂದಿನಿಂದಲೇ ನೋಟ್‌ಬುಕ್ಕಿನಲ್ಲಿ ಪದಗಳ ಪಟ್ಟಿ ಬರೆಯೋ ಗೀಳು. 19ನೇ ವಯಸ್ಸಿಗೆ ಎಡಿನ್‌ಬರೋದಲ್ಲಿ ಎಂ.ಡಿ. ಮುಗಿಸಿ, ಮುಂದೆ ಮ್ಯಾಂಚೆಸ್ಟರಿನ ಆಸ್ಪತ್ರೆ ಸೇರಿದರು. ಬರೆಯೋಕೆ ಕೂತಾಗ ಸರಿಯಾದ ಪದ ಸಿಗದೆ ಒದ್ದಾಡೋದು ಅವರಿಗೂ ಇತ್ತು! ಅದಕ್ಕೇ 1805ರಲ್ಲಿ, ಅರ್ಥದ ಪ್ರಕಾರ ಗುಂಪು ಮಾಡಿದ ಚಿಕ್ಕದೊಂದು ಪಟ್ಟಿಯನ್ನು ತಮ್ಮ ಬಳಕೆಗೆ ಮಾತ್ರ ಮಾಡಿಟ್ಟುಕೊಂಡರು.

ಆ ಪಟ್ಟಿ ಅಚ್ಚಾಗೋಕೆ 47 ವರ್ಷ ಹಿಡೀತು. ನಡುವೆ ಬದುಕು ಸುಮ್ಮನಿರಲಿಲ್ಲ. 1818ರಲ್ಲಿ, ತಂದೆಯ ಜಾಗದಲ್ಲಿದ್ದ ಸೋದರಮಾವ ಸ್ಯಾಮ್ಯುಯೆಲ್ ರೋಮಿಲಿ ಹೆಂಡತಿ ಸತ್ತ ದುಃಖದಲ್ಲಿ ಪ್ರಾಣ ಕಳೆದುಕೊಂಡರು. ಡಾಕ್ಟರಾಗಿದ್ದ ಅಳಿಯನಿಗೆ ಉಳಿಸಿಕೊಳ್ಳಲಾಗಲಿಲ್ಲ.

ನಮ್ಮವರು ಅಂತ ಹೇಳಿಕೊಳ್ಳೋಕೂ ಒಂದು ಕಾರಣ ಇದೆ. ಘಾತ, ಮೂಲಗಳನ್ನು ಪಟ್ಟಿ ಜಾರಿಸಿಯೇ ಓದಬಹುದಾದ ಲಾಗ್-ಲಾಗ್ ಸ್ಕೇಲನ್ನು ಅವರು 1815ರಲ್ಲಿ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ವಿವರಿಸಿದರು. ಕ್ಯಾಲ್ಕುಲೇಟರ್ ಬರೋವರೆಗೂ ಎಂಜಿನಿಯರ್‌ಗಳ ಸ್ಲೈಡ್ ರೂಲಿನಲ್ಲಿ ಆ ಸ್ಕೇಲ್ ಇರ್ತಿತ್ತು.

ಥೆಸಾರಸ್ ಬಂದದ್ದು 1852ರಲ್ಲಿ, ಅವರಿಗೆ 73 ವರ್ಷವಾಗಿದ್ದಾಗ. ಡಿಕ್ಷನರಿಯಲ್ಲಿ ಪದ ಹಿಡಿದು ಅರ್ಥಕ್ಕೆ ಹೋಗ್ತೀವಿ. ಇಲ್ಲಿ ಅರ್ಥ ಹಿಡಿದು ಪದಕ್ಕೆ. ಒಟ್ಟು 1000 ಶೀರ್ಷಿಕೆಗಳು. ಒಂದೊಂದರಲ್ಲೂ ಮೊದಲು ನಾಮಪದ, ಆಮೇಲೆ ಕ್ರಿಯಾಪದ, ವಿಶೇಷಣ, ಅಗತ್ಯವಿದ್ದಲ್ಲಿ ಕ್ರಿಯಾವಿಶೇಷಣ. ಸ್ಟ್ರೆಂತ್ ಅನ್ನೋ ಮನೆಯ ಬಾಗಿಲು ತೆಗೆದರೆ ಸ್ಟ್ರೆಂತನ್, ಸ್ಟ್ರಾಂಗ್, ಸ್ಟ್ರಾಂಗ್ಲಿ ಎಲ್ಲರೂ ಒಳಗೇ ಇದ್ದಾರೆ. ಸ್ಟ್ರಾಂಗ್‌ನೆಸ್ ಮಾತ್ರ ಕಾಣಲಿಲ್ಲ. ಜೊತೆಗೆ ಪವರ್, ಮೈಟಿ ಥರದ ನೆಂಟರೂ ಇದ್ದಾರೆ. ಇಲ್ಲೇ ಹುಷಾರಾಗಿರಬೇಕು: ನೆಂಟರೆಲ್ಲ ಒಂದೇ ಮನೆಯವರಲ್ಲ. ಸ್ಟ್ರಾಂಗ್ ಕಾಫಿ ಕೇಳಬಹುದು, ಮೈಟಿ ಕಾಫಿ ಕೇಳಿದರೆ ಕ್ಯಾಂಟೀನಿನವರು ಮುಖ ನೋಡ್ತಾರೆ.

ರೋಜೆ 1869ರಲ್ಲಿ, 90ನೇ ವಯಸ್ಸಿನಲ್ಲಿ ತೀರಿಕೊಂಡರು. ಮಗ ಜಾನ್ ಲೂಯಿಸ್ 1879ರಲ್ಲಿ ಪುಸ್ತಕವನ್ನು ಹಿಗ್ಗಿಸಿ ಹೊರತಂದರು. ಆಮೇಲೆ ಅದು ಮೊಮ್ಮಗನ ಕೈಗೆ ಬಂತು. ಮೊಮ್ಮಗ ಎಲೆಕ್ಟ್ರಿಕಲ್ ಎಂಜಿನಿಯರ್. ಅವರೂ ಸುಮ್ಮನೆ ಕೂರಲಿಲ್ಲ, ಎಲೆಕ್ಟ್ರಿಕಲ್ ಪದಗಳದ್ದೇ ಒಂದು ಡಿಕ್ಷನರಿ ಬರೆದರು.