ಉಪಾಧ್ಯಾಯ ಓಮ್

ನಮ್ಮ ಪಾಠಶಾಲೆಯ ವಿಜ್ಞಾನದ ಕೊಠಡಿಯಲ್ಲಿ ಮುಳ್ಳಿನ ಮಲ್ಟಿಮೀಟರನ್ನು ಹಿಡಿದು ಅಭ್ಯಾಸಮಾಡಿದ ವಿದ್ಯಾರ್ಥಿನಿಯರಿಗೆಲ್ಲ ಒಂದು ಸಂದೇಹವು ಹುಟ್ಟಿಯೇ ಇರಬೇಕು. ಆ ಪೆಟ್ಟಿಗೆಯ ಮುಖದ ಮೇಲೆ ವೋಲ್ಟು, ಆಂಪೇರುಗಳ ಅಂಕಿಗಳು ಎಡದಿಂದ ಬಲಕ್ಕೆ ಸಮವಾದ ಅಂತರದಲ್ಲಿ ಏರುತ್ತವೆ. ಓಮಿನ ಅಂಕಿಗಳಾದರೋ ತಲೆಕೆಳಗು: ಸೊನ್ನೆಯು ಬಲತುದಿಯಲ್ಲಿದೆ, ಎಡಕ್ಕೆ ಹೋದಂತೆಲ್ಲ ಗೆರೆಗಳು ಒಂದನ್ನೊಂದು ಒತ್ತಿಕೊಂಡು ಕಡೆಗೆ ಓದಲಿಕ್ಕೇ ಆಗದಂತಾಗುತ್ತವೆ. ಈಗ ಅಂಕಿಗಳನ್ನೇ ತೋರಿಸುವ ಮೀಟರುಗಳು ಬಂದು ಈ ವಿಚಿತ್ರವು ಮರೆಯಾಗುತ್ತಲಿದೆ. ಆದರೆ ಅದರ ಹಿಂದೆ ಒಬ್ಬ ಶಾಲಾ ಉಪಾಧ್ಯಾಯನ ಜೀವಮಾನದ ಕಥೆಯಿರುವುದರಿಂದ ಅದನ್ನು ಈ ಸಂಚಿಕೆಯಲ್ಲಿ ಬರೆಯುವುದು ಯುಕ್ತವೆಂದು ನಾವು ಎಣಿಸಿದೆವು.

ಜಾರ್ಜ್ ಸೈಮನ್ ಓಮನು 1789ನೆಯ ಇಸವಿ ಮಾರ್ಚ್ 16ರಂದು ಜರ್ಮನಿಯ ಎರ್ಲಾಂಗೆನ್ ಪಟ್ಟಣದಲ್ಲಿ ಜನಿಸಿದನು. ತಂದೆಯು ಬೀಗಗಳನ್ನು ಮಾಡುವ ಕಮ್ಮಾರ. ಸ್ವಂತ ಶ್ರಮದಿಂದಲೇ ಗಣಿತಶಾಸ್ತ್ರವನ್ನು ಕಲಿತು ಮಕ್ಕಳಿಗೂ ತಾನೇ ಕಲಿಸಿದ ಅಸಾಮಾನ್ಯ ಪುರುಷ. ತಾಯಿಯು ಹುಡುಗನಿಗೆ ಹತ್ತು ವರ್ಷವಾದಾಗಲೇ ತೀರಿಕೊಂಡಳು. 1805ರಲ್ಲಿ ವಿಶ್ವವಿದ್ಯಾಲಯವನ್ನು ಸೇರಿದ ಓಮನು ನರ್ತನ, ಬಿಲಿಯರ್ಡ್ಸ್, ಮಂಜುಗಡ್ಡೆಯ ಮೇಲಣ ಜಾರಾಟ ಇವುಗಳಲ್ಲಿ ಕಾಲ ಕಳೆಯುವನೆಂದು ತಂದೆಗೆ ಕೋಪವುಂಟಾಯಿತು. ಓದನ್ನು ಬಿಡಿಸಿ ಮಗನನ್ನು ಸ್ವಿಟ್ಜರ್ಲೆಂಡಿಗೆ ಕಳುಹಿಸಿಬಿಟ್ಟನು. ಹದಿನೇಳನೆಯ ವಯಸ್ಸಿನಲ್ಲಿ ಅಲ್ಲಿಯ ಒಂದು ಶಾಲೆಯಲ್ಲಿ ಗಣಿತದ ಉಪಾಧ್ಯಾಯನಾದವನು ಆಮೇಲೆ 1811ರಲ್ಲಿ ಊರಿಗೆ ಮರಳಿ ಡಾಕ್ಟರ್ ಪದವಿಯನ್ನು ಪಡೆದನು. ಪದವಿಯಿಂದ ಹೊಟ್ಟೆ ತುಂಬಲಿಲ್ಲ. ಕೆಲವು ವರ್ಷ ಬಾಂಬೆರ್ಗಿನ ಶಾಲೆಯಲ್ಲಿ ದುಡಿದು, 1817ರಲ್ಲಿ ಕಲೋನ್ ನಗರದ ಪೂರ್ವದ ಜೆಸುಯಿಟ್ ಪಾಠಶಾಲೆಗೆ ಗಣಿತ ಭೌತಶಾಸ್ತ್ರಗಳ ಅಧ್ಯಾಪಕನಾಗಿ ಬಂದನು.

ಆ ಶಾಲೆಯ ಪ್ರಯೋಗಶಾಲೆಯಲ್ಲಿ ಒಳ್ಳೆಯ ಉಪಕರಣಗಳಿದ್ದುವು. ಕಮ್ಮಾರನ ಮನೆಯಲ್ಲಿ ಬೆಳೆದವನಿಗೆ ಲೋಹದ ಕೆಲಸವೂ ತಿಳಿದಿತ್ತು. ಪಾಠಗಳ ನಡುವಣ ಬಿಡುವಿನಲ್ಲಿ ಆತನು ಹಿಡಿದ ಪ್ರಶ್ನೆಯು ಇದು: ತಂತಿಯು ಉದ್ದವಾದಂತೆಲ್ಲ ವಿದ್ಯುತ್ಪ್ರವಾಹವು ಯಾವ ಪ್ರಮಾಣದಲ್ಲಿ ಕುಗ್ಗುತ್ತದೆ? ಅಳೆಯಲು ವೋಲ್ಟ್‌ಮೀಟರಿಲ್ಲ, ಆಂಮೀಟರಿಲ್ಲ. ಆ ಮಾನಗಳೇ ಇನ್ನೂ ಹುಟ್ಟಿರಲಿಲ್ಲ. ತೂಗುಬಿಟ್ಟ ಒಂದು ಅಯಸ್ಕಾಂತದ ಸೂಜಿಯನ್ನು ಪ್ರವಾಹವು ತಿರುಗಿಸಿದಾಗ, ಮೇಲಿನ ತಲೆಯನ್ನು ತಿರುಚಿ ಸೂಜಿಯನ್ನು ಮತ್ತೆ ತನ್ನ ಸ್ಥಾನಕ್ಕೆ ತರಬೇಕು. ಆ ತಿರುಚಿನ ಅಂಶಗಳೇ ಪ್ರವಾಹದ ಅಳತೆ. 1825ರಲ್ಲಿ ಆತನು ಪ್ರಕಟಿಸಿದ ಮೊದಲನೆಯ ಸೂತ್ರವು ತಪ್ಪಾಗಿತ್ತು. ಆಗಿನ ಬ್ಯಾಟರಿಯ ಬಲವು ಪ್ರಯೋಗದ ನಡುವೆಯೇ ಇಳಿಯುತ್ತ ಹೋಗುವುದು ದೊಡ್ಡ ತೊಡಕಾಗಿತ್ತು. ಆಗ ಪೊಗೆನ್‌ಡಾರ್ಫ್ ಎಂಬ ವಿದ್ವಾಂಸನ ಸೂಚನೆಯಂತೆ ಬ್ಯಾಟರಿಯನ್ನು ಬಿಟ್ಟು, ಬಿಸ್ಮತ್ ಮತ್ತು ತಾಮ್ರಗಳನ್ನು ಜೋಡಿಸಿ, ಒಂದು ಸಂಧಿಯನ್ನು ಕುದಿಯುವ ನೀರಿನಲ್ಲಿಯೂ ಇನ್ನೊಂದನ್ನು ಮಂಜುಗಡ್ಡೆಯಲ್ಲಿಯೂ ಇಟ್ಟನು. ಶಾಖದ ಈ ವ್ಯತ್ಯಾಸದಿಂದ ಹುಟ್ಟುವ ಪ್ರವಾಹವು ಅಲ್ಪವಾದರೂ ಸ್ಥಿರ. 1826ರ ಜನವರಿ ತಿಂಗಳಿನಲ್ಲಿ 2 ಅಂಗುಲದಿಂದ 130 ಅಂಗುಲದವರೆಗಿನ ಎಂಟು ತಾಮ್ರದ ತಂತಿಗಳನ್ನು ಒಂದಾದ ಮೇಲೊಂದು ಜೋಡಿಸಿ ಅಳೆದನು. ತನ್ನ ತಪ್ಪನ್ನು ತಾನೇ ತಿದ್ದಿಕೊಂಡನು. ಇದೇ ಆತನ ದೊಡ್ಡಸ್ತಿಕೆಯೆಂದು ನಮ್ಮ ಅಭಿಪ್ರಾಯ.

ದೊರೆತ ನಿಯಮವು ಸರಳವಾದುದು. ತಂತಿಯ ರೋಧಕ್ಕೆ ಮಂಡಲದ ಉಳಿದ ಭಾಗಗಳ ರೋಧವನ್ನು ಕೂಡಿಸಿ, ಆ ಮೊತ್ತದಿಂದ ಮೂಲದ ಬಲವನ್ನು ಭಾಗಿಸಿದರೆ ಪ್ರವಾಹವು ಸಿಕ್ಕುತ್ತದೆ. ನಮ್ಮ ಮಲ್ಟಿಮೀಟರಿನ ತಲೆಕೆಳಗಾದ ಅಳತೆಪಟ್ಟಿಯು ಈ ಸೂತ್ರದ ಚಿತ್ರವೇ ಸರಿ. ಓಮಿನ ಸ್ಥಾನಕ್ಕೆ ಗುಂಡಿಯನ್ನು ತಿರುಗಿಸಿದಾಗ ಒಳಗಿನ ಚಿಕ್ಕ ಬ್ಯಾಟರಿಯು ಹೊರಗಿನ ವಸ್ತುವಿನೊಳಗೆ ಪ್ರವಾಹವನ್ನು ಹರಿಸುತ್ತದೆ. ಎರಡು ಕಡ್ಡಿಗಳನ್ನು ಒಂದಕ್ಕೊಂದು ತಾಗಿಸಿದರೆ ರೋಧವಿಲ್ಲ, ಪ್ರವಾಹವು ಪೂರ್ಣ. ಆದುದರಿಂದ ಮುಳ್ಳು ಬಲತುದಿಗೆ ಓಡುವುದು, ಸೊನ್ನೆಯೂ ಅಲ್ಲಿಯೇ. ಹೊರಗಿನ ರೋಧವು ಪೆಟ್ಟಿಗೆಯೊಳಗಿನ ರೋಧಕ್ಕೆ ಸಮನಾದರೆ ಮುಳ್ಳು ನಟ್ಟನಡುವೆ ನಿಲ್ಲುವುದು. ಅದಕ್ಕೂ ಹೆಚ್ಚಿದರೆ ಎಡಗಡೆಯ ಇಕ್ಕಟ್ಟು. ಬ್ಯಾಟರಿಯು ಹಳೆಯದಾದಾಗ ಮುಳ್ಳು ಸೊನ್ನೆಯನ್ನು ಮುಟ್ಟದೆ ಹೋಗುವುದರಿಂದ, ಪ್ರತಿ ಸಲವೂ ಕಡ್ಡಿಗಳನ್ನು ತಾಗಿಸಿ ಚಿಕ್ಕ ತಿರುಪನ್ನು ಸರಿಪಡಿಸಬೇಕೆಂದು ವಿದ್ಯಾರ್ಥಿನಿಯರಿಗೆ ಹೇಳುತ್ತೇವಷ್ಟೆ. ಓಮನನ್ನು ಕಾಡಿದ ತೊಡಕೇ ಅಲ್ಲಿ ಇಂದಿಗೂ ಇದೆ. ಓಮನ್ನು ಅಳೆಯುವಾಗ ವಸ್ತುವಿಗೆ ಬೇರೆ ವಿದ್ಯುತ್ತಿನ ಸಂಬಂಧವಿರಕೂಡದು. ವೋಲ್ಟನ್ನು ಎರಡು ತುದಿಗಳಿಗೆ ಅಡ್ಡಲಾಗಿ ಮುಟ್ಟಿಸಿ ಅಳೆಯಬೇಕು. ಆಂಪೇರಿಗೆ ಮಾತ್ರ ದಾರಿಯನ್ನು ಕತ್ತರಿಸಿ ಮೀಟರನ್ನು ನಡುವೆ ಸೇರಿಸಬೇಕು. ಇದನ್ನು ಮರೆತು ಫ್ಯೂಸನ್ನು ಸುಟ್ಟವರು ಈ ಸಂಚಿಕೆಯ ವಾಚಕರಲ್ಲಿಯೂ ಇಲ್ಲದಿಲ್ಲ. ಮೂರು ಅಳತೆಗಳನ್ನೂ ಒಂದೇ ಪೆಟ್ಟಿಗೆಯಲ್ಲಿ ಕೂಡಿಸಿದ ಆವೋಮೀಟರ್ ಎಂಬ ಉಪಕರಣವು ಇಂಗ್ಲೆಂಡಿನಲ್ಲಿ 1923ರಲ್ಲಿ ಬಂದಿತು.

ಓಮನಿಗೆ ಇದಾವುದನ್ನೂ ಕಾಣುವ ಭಾಗ್ಯವಿರಲಿಲ್ಲ. ಅರ್ಧಸಂಬಳದ ರಜೆಯ ಮೇಲೆ ಬರ್ಲಿನ್ನಿಗೆ ಹೋಗಿ 1827ರಲ್ಲಿ ತನ್ನ ಗ್ರಂಥವನ್ನು ಅಚ್ಚುಹಾಕಿಸಿದನು. ವಿಶ್ವವಿದ್ಯಾಲಯದ ಪೀಠವೊಂದು ದೊರೆಯುವುದೆಂಬ ಆಸೆಯಿತ್ತು. ಗ್ರಂಥಕ್ಕೆ ದೊರೆತುದು ಉದಾಸೀನ, ಕೆಲವರಿಂದ ತಿರಸ್ಕಾರ. 1828ರಲ್ಲಿ ಆತನು ಕಲೋನಿನ ಕೆಲಸಕ್ಕೆ ರಾಜೀನಾಮೆ ಕೊಟ್ಟನು. ಇದ್ದ ಪ್ರಯೋಗಶಾಲೆಯೂ ಕೈತಪ್ಪಿತು. ಬರ್ಲಿನ್ನಿನಲ್ಲಿ ತಾತ್ಕಾಲಿಕವಾದ ಪಾಠಗಳಿಂದ ಜೀವಿಸಿ, 1833ರಲ್ಲಿ ನ್ಯೂರೆಂಬೆರ್ಗಿನ ಪಾಲಿಟೆಕ್ನಿಕ್ ಶಾಲೆಯನ್ನು ಸೇರಿದನು. 1841ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯು ಕೋಪ್ಲಿ ಪದಕವನ್ನಿತ್ತು ಗೌರವಿಸಿದ ಮೇಲೆ ಸ್ವದೇಶದವರೂ ಕಣ್ಣು ತೆರೆದರು. ಆದರೂ ಮ್ಯೂನಿಕ್ ವಿಶ್ವವಿದ್ಯಾಲಯದ ಭೌತಶಾಸ್ತ್ರದ ಪೀಠವು ದೊರೆತುದು 1852ರಲ್ಲಿ, ಅರುವತ್ತಮೂರನೆಯ ವಯಸ್ಸಿನಲ್ಲಿ. ಅದರಲ್ಲಿ ಎರಡು ವರ್ಷ ಕುಳಿತು, 1854ನೆಯ ಇಸವಿ ಜುಲೈ 6ರಂದು ಓಮನು ಮರಣಹೊಂದಿದನು. ವಿವಾಹವಾಗಿರಲಿಲ್ಲ. 1881ರಲ್ಲಿ ಪ್ಯಾರಿಸ್ಸಿನಲ್ಲಿ ನೆರೆದ ವಿದ್ಯುತ್ ತಜ್ಞರ ಮಹಾಸಭೆಯು ರೋಧದ ಮಾನಕ್ಕೆ ಆತನ ಹೆಸರನ್ನು ಸ್ಥಿರಪಡಿಸಿತು.