ಕ್ರಿಸ್ಟನ್ ನೈಗಾರ್ಡ್

ಆಬ್ಜೆಕ್ಟ್ ಓರಿಯೆಂಟೆಡ್ ಪ್ರೋಗ್ರಾಮಿಂಗ್ ಕಲಿಯಲು ಪಡುವ ಶ್ರಮವು ಸಾರ್ಥಕವೇ ಎಂಬ ಪ್ರಶ್ನೆ ವಿದ್ಯಾರ್ಥಿಗಳಾದ ನಮ್ಮಲ್ಲಿ ಆಗಾಗ ಏಳುವುದುಂಟು. ಕ್ಲಾಸು, ಆಬ್ಜೆಕ್ಟು ಎಂಬ ಹೆಸರುಗಳನ್ನಷ್ಟೇ ಕಂಠಪಾಠ ಮಾಡಿದವರಿಗೆ ಅದು ಬರಿಯ ಕಸರತ್ತಾಗಿ ತೋರಿದರೆ ಆಶ್ಚರ್ಯವಿಲ್ಲ. ಆ ಮಾರ್ಗವನ್ನು ತೆರೆದವರಲ್ಲಿ ಒಬ್ಬನಾದ ಕ್ರಿಸ್ಟನ್ ನೈಗಾರ್ಡನಿಗೆ ಅದು ಏಕೆ ಬೇಕಾಯಿತೆಂಬುದನ್ನು ನೋಡೋಣ.

ಈತನು 1926ರಲ್ಲಿ ನಾರ್ವೆ ದೇಶದ ಓಸ್ಲೋ ನಗರದಲ್ಲಿ ಜನಿಸಿದನು. 1948ರಲ್ಲಿ ದೇಶದ ರಕ್ಷಣಾ ಸಂಶೋಧನಾ ಸಂಸ್ಥೆಯನ್ನು ಸೇರಿ, ಕೆಲಸದ ನಡುವೆಯೇ ವ್ಯಾಸಂಗ ಮುಂದುವರಿಸಿ, 1956ರಲ್ಲಿ ಗಣಿತದ ಉನ್ನತ ಪದವಿಯನ್ನು ಪಡೆದನು. 1960ರಲ್ಲಿ ನಾರ್ವೆಯ ಗಣಕ ಕೇಂದ್ರಕ್ಕೆ ಬಂದನು. ಅಲ್ಲಿ ಆತನನ್ನು ಕಾಡಿದ್ದು ಸೂತ್ರಗಳಿಗೆ ಸಿಕ್ಕದ ವ್ಯವಹಾರಗಳು. ಸರದಿಯಲ್ಲಿ ಗಿರಾಕಿಗಳು ಕಾಯುತ್ತಾರೆ, ಯಂತ್ರಗಳು ನಡೆಯುತ್ತವೆ, ಸರಕು ಸಾಗುತ್ತದೆ, ಎಲ್ಲವೂ ಏಕಕಾಲದಲ್ಲಿ. ಅಂದಿನ ಗಣಕಯಂತ್ರವಾದರೋ ಒಂದಾದ ಮೇಲೊಂದು ಆಜ್ಞೆಯನ್ನು ಮಾತ್ರ ನಡೆಸಬಲ್ಲುದಾಗಿತ್ತು. ಇಂಥವನ್ನು ವರ್ಣಿಸಲೆಂದು ಆತನು ಓಲೆ ಯೋಹಾನ್ ಡಾಲ್ ಎಂಬ ಮಿತ್ರನೊಡಗೂಡಿ 1960ರ ದಶಕದಲ್ಲಿ ಸಿಮುಲಾ ಎಂಬ ಭಾಷೆಯನ್ನು ಕಟ್ಟಿದನು.

ಅವರು ಚರ್ಚಿಸಿದ ಉದಾಹರಣೆಗಳಲ್ಲೊಂದು ಸೇತುವೆಯ ಸುಂಕದ ಕಟ್ಟೆ. ಅದರ ಮುಂದೆ ಲಾರಿ, ಬಸ್ಸು, ಕಾರುಗಳು ಸಾಲುಗಟ್ಟಿವೆ. ಸಾಲಿನಲ್ಲಿ ನಿಲ್ಲುವುದು ಎಲ್ಲಕ್ಕೂ ಸಮಾನ. ಹೊರೆಯು ಲಾರಿಯದು, ಪ್ರಯಾಣಿಕರು ಬಸ್ಸಿನವರು. ಸಮಾನವಾದುದನ್ನು ಮೂರು ಸಲ ಬರೆಯುವುದೇತಕ್ಕೆ? ಒಮ್ಮೆ ಬರೆದಿಟ್ಟು, ಆಯಾ ವಾಹನದ ವಿಶೇಷವನ್ನು ಮಾತ್ರ ಸೇರಿಸಿದರಾಯಿತು. 1967ರ ಸಿಮುಲಾದಲ್ಲಿ ನೆಲೆಗೊಂಡ ಈ ಉಪಾಯವನ್ನೇ ನಾವು ಇನ್‌ಹೆರಿಟೆನ್ಸ್ ಎಂದು ಓದುತ್ತೇವೆ. ಹತ್ತು ಸಾಲಿನ ಬಡ್ಡಿ ಲೆಕ್ಕಕ್ಕೆ ಇದು ಬೇಡವೇ ಬೇಡ. ಹೀಗೆಂದುದಕ್ಕೆ ಅಧ್ಯಾಪಕರು ಕ್ಷಮಿಸಬೇಕು. ವಾಹನಗಳು ಮೂರರಿಂದ ಮೂವತ್ತಾದಾಗ ಮಾತು ಬೇರೆ.

ಇದಕ್ಕೆ ತೆರಬೇಕಾದ ಬೆಲೆಯೂ ಇದ್ದಿತು. ಡೆನ್ಮಾರ್ಕಿನ ಸ್ಟ್ರೌಸ್ಟ್ರಪ್ ಎಂಬಾತನು ಕೇಂಬ್ರಿಜ್ಜಿನಲ್ಲಿ ಸಿಮುಲಾದಲ್ಲಿ ಬರೆದ ಪ್ರೋಗ್ರಾಮು ಬಹು ನಿಧಾನವಾಗಿ ನಡೆದುದರಿಂದ, ಅದನ್ನು ಬೇರೊಂದು ಭಾಷೆಯಲ್ಲಿ ಹೊಸದಾಗಿ ಬರೆಯಬೇಕಾಯಿತು. ಆದರೂ ಸಿಮುಲಾದ ಕ್ಲಾಸುಗಳನ್ನು ಆತನು ಮರೆಯಲಾರದೆ ಹೋದನು. 1979ರಿಂದ ಅವನ್ನು ಸಿ ಭಾಷೆಗೆ ಕಸಿ ಮಾಡತೊಡಗಿದನು. ಸಿ ಪ್ಲಸ್ ಪ್ಲಸ್ ಹುಟ್ಟಿದ್ದು ಹೀಗೆ.

ನೈಗಾರ್ಡನು ಬರಿಯ ಭಾಷಾಕಾರನಾಗಿ ಉಳಿಯಲಿಲ್ಲ. 1970ರ ದಶಕದ ಆರಂಭದಲ್ಲಿ ಲೋಹ ಕಾರ್ಮಿಕರ ಸಂಘದೊಡನೆ ದುಡಿದು, ಕಾರ್ಖಾನೆಗೆ ಬರುವ ಗಣಕಯಂತ್ರವನ್ನು ಕಾರ್ಮಿಕರೇ ಅರಿಯುವಂತೆ ಶ್ರಮಿಸಿದನು. ನಾರ್ವೆ ಯೂರೋಪಿನ ಒಕ್ಕೂಟವನ್ನು ಸೇರಬಾರದೆಂಬ ಚಳವಳಿಯ ಮುಂದಾಳೂ ಆಗಿದ್ದನು. 1994ರ ಜನಮತಗಣನೆಯಲ್ಲಿ ಆ ಪಕ್ಷವೇ ಗೆದ್ದಿತು.

2001ರ ಟ್ಯೂರಿಂಗ್ ಪ್ರಶಸ್ತಿಯು ಮಿತ್ರರಿಬ್ಬರಿಗೂ ಕೂಡಿ ದೊರೆಯಿತು. 2002ರ ಜೂನಿನಲ್ಲಿ ಡಾಲ್ ತೀರಿಕೊಂಡನು; ಆಗಸ್ಟಿನಲ್ಲಿ ನೈಗಾರ್ಡನು ಕಾಲವಾದನು.